ವೈರಸ್ಸಿನ ಎಣಿಕೆಯೂ ಯಕೃತ್ತಿನ ಹಾನಿಯೂ

ಕಾಮಾಲೆಯಿಲ್ಲ, ನೋವಿಲ್ಲ, ಊಟ-ನಿದ್ರೆಗಳಿಗೆ ಕೊರತೆಯಿಲ್ಲ. ಆದರೂ ರಕ್ತದಾನದ ವೇಳೆಯಲ್ಲೋ ಬಸುರಿನ ತಪಾಸಣೆಯಲ್ಲೋ ಹೆಪಟೈಟಿಸ್-ಬಿ ಸೋಂಕು ಇರುವುದು ಬೆಳಕಿಗೆ ಬರುತ್ತದೆ. ಆರು ತಿಂಗಳು ಮೀರಿ ಉಳಿದ ಸೋಂಕನ್ನು ದೀರ್ಘಕಾಲಿಕವೆನ್ನುತ್ತಾರೆ. ಬಳಿಕ ರಕ್ತದಲ್ಲಿ ವೈರಸ್ ಎಷ್ಟಿದೆಯೆಂಬ ಲೆಕ್ಕ, ಅಂದರೆ ‘ವೈರಲ್ ಲೋಡ್’, ಕೈಸೇರುತ್ತದೆ. ಅಂಕಿ ಕೋಟಿಯನ್ನು ದಾಟಿದ್ದರೆ ಮನೆಮಂದಿ ಕಂಗಾಲಾಗುತ್ತಾರೆ, ನೂರರಲ್ಲಿದ್ದರೆ ನಿಶ್ಚಿಂತರಾಗುತ್ತಾರೆ. ಇವೆರಡೂ ಆತುರದ ನಿರ್ಣಯಗಳೇ.

ಈ ವೈರಸ್ ಯಕೃತ್ತಿನ ಜೀವಕೋಶಗಳಲ್ಲಿ ವೃದ್ಧಿಹೊಂದುವುದಾದರೂ ಸಾಮಾನ್ಯವಾಗಿ ತಾನೇ ಅವುಗಳನ್ನು ಕೊಲ್ಲುವುದಿಲ್ಲ. ಸೋಂಕು ತಗಲಿದ ಕೋಶಗಳನ್ನು ನಾಶಮಾಡುವುದು ದೇಹದ ರಕ್ಷಣಾವ್ಯವಸ್ಥೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟಂತೆ! ಹುಟ್ಟುವಾಗಲೇ ಸೋಂಕು ತಗಲಿದವರಲ್ಲಿ ಈ ವ್ಯವಸ್ಥೆ ಎಷ್ಟೋ ವರ್ಷ ಸುಮ್ಮನಿರುತ್ತದೆ. ಆಗ ವೈರಸ್ ಅಪಾರವಾಗಿದ್ದರೂ ಯಕೃತ್ತಿಗೆ ಹೆಚ್ಚಿನ ಪೆಟ್ಟು ಬೀಳದಿರಬಹುದು. ಮುಂದೆ ಅದು ಎಚ್ಚೆತ್ತಾಗ ಉರಿಯೂತವುಂಟಾಗಿ, ರಕ್ತದಲ್ಲಿ ಎ.ಎಲ್.ಟಿ. ಎಂಬ ಕಿಣ್ವ ಏರುತ್ತದೆ. ಗಾಯ ಮತ್ತೆ ಮತ್ತೆ ಮಾಯ್ದು ನಾರುಗಟ್ಟಿದರೆ ಯಕೃತ್ತು ಗಡುಸಾಗಿ ಸಿರೋಸಿಸ್ ಬರುತ್ತದೆ. ಅಷ್ಟು ಹೊತ್ತಿಗೆ ವೈರಸ್ ಇಳಿದುಹೋಗಿರಲೂಬಹುದು.

ಹಾಗೆಂದು ಅಂಕಿಯನ್ನು ಕಡೆಗಣಿಸುವಂತಿಲ್ಲ. ತೈವಾನಿನಲ್ಲಿ 3,653 ಸೋಂಕಿತರನ್ನು ಸರಾಸರಿ 11 ವರ್ಷಗಳಿಗೂ ಹೆಚ್ಚು ಕಾಲ ಗಮನಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಆರಂಭದಲ್ಲಿ ಮಿಲಿಲೀಟರಿಗೆ 300ಕ್ಕಿಂತ ಕಡಿಮೆ ವೈರಸ್-ಪ್ರತಿಗಳಿದ್ದವರಲ್ಲಿ ಶೇಕಡಾ 1.3ರಷ್ಟು ಮಂದಿಗೆ ಯಕೃತ್ತಿನ ಕ್ಯಾನ್ಸರ್ ಬಂದರೆ, 10 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟಿದ್ದವರಲ್ಲಿ ಆ ಪ್ರಮಾಣ ಶೇಕಡಾ 14.9.

ಆದುದರಿಂದ ವೈದ್ಯರು ವೈರಸ್ಸಿನ ಪ್ರಮಾಣ, ಎ.ಎಲ್.ಟಿ., ಯಕೃತ್ತಿನ ಗಡಸುತನ ಇವು ಮೂರನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ. 2024ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ, ಮಿಲಿಲೀಟರಿಗೆ 2,000 ಅಂತರರಾಷ್ಟ್ರೀಯ ಘಟಕಗಳನ್ನು ಮೀರಿದ ವೈರಸ್ಸಿನೊಡನೆ ಎ.ಎಲ್.ಟಿ.ಯೂ ಏರಿದ್ದರೆ ಚಿಕಿತ್ಸೆ ಬೇಕು. ಸಿರೋಸಿಸ್ ಇದ್ದರಂತೂ ಅಂಕಿ ಎಷ್ಟೇ ಇರಲಿ, ಚಿಕಿತ್ಸೆ ಅಗತ್ಯ. ಟೆನೊಫೊವಿರ್, ಎಂಟೆಕವಿರ್ ಮಾತ್ರೆಗಳು ವೈರಸ್ಸನ್ನು ಅಡಗಿಸುತ್ತವೆ. ಬೇರುಸಹಿತ ಕೀಳುವುದು ಅಪರೂಪ. ವರದಿ ಚೆನ್ನಾಗಿದೆಯೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ರೋಗ ಉಲ್ಬಣಿಸಿ ಪ್ರಾಣಕ್ಕೇ ಎರವಾಗಬಹುದು. ಭಾರತ ಸರ್ಕಾರವು 2018ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ತಪಾಸಣೆ ಮತ್ತು ಔಷಧಿಗಳನ್ನು ಉಚಿತವಾಗಿ ಒದಗಿಸಲಾಗುತ್ತದೆ.

ಮನೆಯಲ್ಲೊಬ್ಬರಿಗೆ ಸೋಂಕಿದ್ದರೆ ಉಳಿದವರೂ ಪರೀಕ್ಷಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಪಡೆಯುವುದು ಲೇಸು. ಹುಟ್ಟಿದ ಶಿಶುವಿಗೆ 24 ಗಂಟೆಗಳೊಳಗೆ ಮೊದಲ ಲಸಿಕೆ ದೊರೆಯಬೇಕು. ಯಕೃತ್ತು ನೋವನ್ನು ಹೇಳಿಕೊಳ್ಳದ ಅಂಗ. ಅದರ ಪರವಾಗಿ ಕಾಲಕಾಲದ ತಪಾಸಣೆಯೇ ಮಾತನಾಡಬೇಕು.