ಶಾಲೆಗೆ ಸೇರಿದ ಮಗುವಿಗೆ ಓದು ಬರಬೇಕು

ಆರು ವರ್ಷ ತುಂಬಿದ ಮಗುವಿಗೆ ಹತ್ತಿರದಲ್ಲಿ ಶಾಲೆಯೇ ಇಲ್ಲ ಎನ್ನುವ ಸ್ಥಿತಿ ಕರ್ನಾಟಕದಲ್ಲಿ ಬಹುಮಟ್ಟಿಗೆ ಹಿಂದಿನ ಮಾತು. ಹಳ್ಳಿ ಹಳ್ಳಿಯಲ್ಲೂ ಕಿರಿಯ ಪ್ರಾಥಮಿಕ ಶಾಲೆಗಳಿವೆ, ಬಹುತೇಕ ಎಲ್ಲ ಮಕ್ಕಳ ಹೆಸರೂ ದಾಖಲಾತಿ ಪುಸ್ತಕದಲ್ಲಿದೆ. ಆದರೆ ಹೆಸರು ದಾಖಲಾದ ಮಾತ್ರಕ್ಕೆ ಶಿಕ್ಷಣ ದಕ್ಕಿತು ಎನ್ನಲಾಗದು. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ ಪ್ರಕಾರ, 2018ರಲ್ಲಿ ದೇಶದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇ 27.3ರಷ್ಟು ಮಾತ್ರ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರಿಂದ 2022ರ ಹೊತ್ತಿಗೆ ಅದು ಶೇ 20.5ಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಶೇ 27.1ಕ್ಕೆ ಏರಿತು. ಸಾಂಕ್ರಾಮಿಕ ತಂದ ನಷ್ಟ ಹೆಚ್ಚುಕಡಿಮೆ ತುಂಬಿಕೊಂಡಿದೆ. ಅದಕ್ಕೂ ಮೊದಲೇ ಇದ್ದ ನಷ್ಟ ಮಾತ್ರ ಹಾಗೆಯೇ ಉಳಿದಿದೆ, ಮತ್ತು ಅದರ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗುತ್ತಿಲ್ಲ.

ಎಂಟನೇ ವಯಸ್ಸಿನೊಳಗೆ ಓದು ಕೈಗೂಡದಿದ್ದರೆ ಮುಂದಿನದೆಲ್ಲ ಏಕೆ ಕಷ್ಟವಾಗುತ್ತದೆ ಎಂಬುದನ್ನು ತರಗತಿಯೊಳಗೇ ಕಾಣಬಹುದು. ನಾಲ್ಕನೇ ತರಗತಿಯಿಂದ ಪರಿಸರ ಅಧ್ಯಯನದ ಪಾಠಗಳು ಉದ್ದವಾಗುತ್ತವೆ, ಗಣಿತದಲ್ಲಿ ವಾಕ್ಯರೂಪದ ಲೆಕ್ಕಗಳು ಬರುತ್ತವೆ. ಪಠ್ಯಪುಸ್ತಕ ಬರೆದವರು ಮಗುವಿಗೆ ಓದು ಬರುತ್ತದೆ ಎಂದು ನಂಬಿಯೇ ಬರೆದಿರುತ್ತಾರೆ. ಅಕ್ಷರ ಅಕ್ಷರ ಕೂಡಿಸಿ ಓದುವ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಪದವನ್ನು ಮರೆತಿರುತ್ತದೆ. ಲೆಕ್ಕ ಮಾಡುವ ಬುದ್ಧಿ ಇದ್ದರೂ ಲೆಕ್ಕದಲ್ಲಿ ಏನು ಕೇಳಿದ್ದಾರೆಂಬುದೇ ತಿಳಿಯುವುದಿಲ್ಲ. ಪಾಠ ಮುಂದೆ ಹೋಗುತ್ತದೆ, ಮಗು ಬೋರ್ಡಿನಲ್ಲಿದ್ದುದನ್ನು ಅಂದವಾಗಿ ನಕಲು ಮಾಡುತ್ತಾ ಹಿಂದಿನ ಬೆಂಚಿನಲ್ಲಿ ಉಳಿಯುತ್ತದೆ. ಎಂಟು, ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಡುವ ಮಕ್ಕಳಲ್ಲಿ ಅನೇಕರು ಕಲಿಕೆಯಿಂದ ದೂರವಾದದ್ದು ಅದಕ್ಕಿಂತ ಎಷ್ಟೋ ವರ್ಷ ಮೊದಲು.

ಕನ್ನಡದ ಲಿಪಿಗೆ ಇದರಲ್ಲಿ ತನ್ನದೇ ಒಂದು ಪಾತ್ರವಿದೆ. ವರ್ಣಮಾಲೆಯ 49 ಅಕ್ಷರ ಕಲಿತರೆ ಓದು ಮುಗಿಯುವುದಿಲ್ಲ. ಪ್ರತಿ ವ್ಯಂಜನಕ್ಕೂ ಕಾಗುಣಿತವಿದೆ, ಅದರ ಮೇಲೆ ಒತ್ತಕ್ಷರಗಳಿವೆ. ಹೀಗೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆಯೂ ಇಲ್ಲಿ ಅಕ್ಷರಜ್ಞಾನ ಒಂದೆರಡು ವರ್ಷಗಳಲ್ಲಿ ಪೂರ್ತಿಯಾಗುವುದಿಲ್ಲ, ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿತು. ಆದ್ದರಿಂದ ಕನ್ನಡ ಓದಲು ಕಲಿಯುವ ಮಗುವಿಗೆ ನಿರಂತರವಾದ, ತಾಳ್ಮೆಯ ಬೋಧನೆ ಬೇಕು. ಮನೆಯಲ್ಲಿ ಪತ್ರಿಕೆ, ಪುಸ್ತಕ, ಪಕ್ಕ ಕುಳಿತು ಓದಿಸುವ ಅಮ್ಮ ಅಥವಾ ಅಜ್ಜ ಇದ್ದರೆ ಶಾಲೆಯ ಕೊರತೆ ಒಂದಿಷ್ಟು ಮುಚ್ಚಿಹೋಗುತ್ತದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈಗಳಿಗೆ ಗುಳೆ ಹೋಗುವ ರಾಯಚೂರು, ಯಾದಗಿರಿ, ಕಲಬುರಗಿಯ ಕುಟುಂಬಗಳ ಮಕ್ಕಳಿಗೆ ಆ ಆಸರೆ ಇಲ್ಲ. ತಾಂಡಾದ ಮಗುವಿಗೆ ಮನೆಯ ಮಾತು ಲಂಬಾಣಿ, ಶಾಲೆಯ ಮಾತು ಕನ್ನಡ. ಅದು ಭಾಷೆಯನ್ನೂ ಲಿಪಿಯನ್ನೂ ಒಟ್ಟಿಗೇ ಕಲಿಯಬೇಕು. ಮನೆಯಿಂದ ಕಡಿಮೆ ಸಿಗುವ ಮಗುವಿಗೆ ಶಾಲೆಯಿಂದ ಹೆಚ್ಚು ಸಿಗಬೇಕು. ಆದರೆ ಶಿಕ್ಷಕರ ಹುದ್ದೆ ಖಾಲಿ ಬೀಳುವುದು, ಅತಿಥಿ ಶಿಕ್ಷಕರನ್ನೇ ನಂಬಿ ವರ್ಷ ದೂಡುವುದು ಇಂಥ ತಾಲ್ಲೂಕುಗಳಲ್ಲೇ ಹೆಚ್ಚು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು.

ಒಳ್ಳೆಯ ಬೋಧನೆ ಎಂದರೆ ದುಬಾರಿ ಕಟ್ಟಡ, ಕಂಪ್ಯೂಟರ್ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪೆಂದು ತೋರಿಸಿದ ಪ್ರಯೋಗ ಕರ್ನಾಟಕದಲ್ಲೇ ನಡೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿ ಒಂದೇ ಕೋಣೆಯಲ್ಲಿ ಹಲವು ತರಗತಿಗಳ ಮಕ್ಕಳು ಕಾರ್ಡುಗಳ ಮೂಲಕ ಕಲಿಯುವ ಕ್ರಮವನ್ನು ನೋಡಿ ಬಂದರು. ಅದನ್ನು ತಮ್ಮ ಶಾಲೆಗೂ ಕನ್ನಡಕ್ಕೂ ಹೊಂದುವಂತೆ ಅವರು ರೂಪಿಸಿದ್ದೇ ‘ನಲಿ–ಕಲಿ’. ಯುನಿಸೆಫ್ ಇದಕ್ಕೆ ನೆರವು ನೀಡಿತು. ಈ ಕ್ರಮದಲ್ಲಿ ಮಗು ‘ಅ, ಆ, ಇ, ಈ’ ಎಂದು ವರ್ಣಮಾಲೆಯನ್ನು ಬಾಯಿಪಾಠ ಮಾಡುವುದಿಲ್ಲ. ಮೊದಲು ಬರುವ ಅಕ್ಷರಗಳು ‘ರ, ಗ, ಸ, ದ, ಅ’. ಬರೆಯಲು ಸುಲಭವಾದ ಈ ಐದು ಅಕ್ಷರ ಗುರುತಿಸಿದ ಕೂಡಲೇ ಮಗು ಸರ, ದರ, ಅರಸ, ಅಗಸ ಎಂಬ ಪದಗಳನ್ನು ತಾನೇ ಓದಬಲ್ಲದು. ಓದೆಂದರೆ ಅರ್ಥ ಎಂಬುದು ಅದಕ್ಕೆ ಮೊದಲ ವಾರಗಳಲ್ಲೇ ಗೊತ್ತಾಗುತ್ತದೆ. ಕಲಿಕೆಯನ್ನು ಮೈಲಿಗಲ್ಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿಯಾಗಿ ತೂಗುಹಾಕಲಾಗುತ್ತದೆ. ಎರಡು ವಾರ ಜ್ವರದಿಂದ ಮಲಗಿದ್ದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕೆಲವು ಗುಂಪುಗಳ ಜೊತೆ ಶಿಕ್ಷಕರು ಕೂರುತ್ತಾರೆ, ಕೆಲವು ಗುಂಪುಗಳಲ್ಲಿ ಮಕ್ಕಳೇ ಮಕ್ಕಳಿಗೆ ನೆರವಾಗುತ್ತಾರೆ. ಮಕ್ಕಳು ಬರೆದದ್ದು, ಬಿಡಿಸಿದ್ದು ತಲೆಯ ಮೇಲಿನ ಚಪ್ಪರದಲ್ಲಿ ನೇತಾಡುತ್ತಿರುತ್ತದೆ.

2009–10ರಲ್ಲಿ ಈ ಪದ್ಧತಿಯನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಎಲ್ಲ ಕಡೆಯೂ ಅದು ಹೆಗ್ಗಡದೇವನಕೋಟೆಯಷ್ಟೇ ಚೆನ್ನಾಗಿ ನಡೆಯಲಿಲ್ಲ. ಮೊದಲ ಶಿಕ್ಷಕರು ಕಾರ್ಡುಗಳನ್ನು ತಾವೇ ಯೋಚಿಸಿ, ತಿದ್ದಿ ಮಾಡಿದ್ದರು. ಉಳಿದವರಿಗೆ ಅವು ಇಲಾಖೆಯಿಂದ ಸಿದ್ಧವಾಗಿ ಬಂದವು. ಒಂದು ಪದ್ಧತಿ ಉಳಿಯಬೇಕಾದರೆ ಅದನ್ನು ನಡೆಸುವವರಿಗೆ ಅದರ ಕಾರಣವೂ ಗೊತ್ತಿರಬೇಕು, ಆ ಕಾರಣ ಸಣ್ಣ ತರಬೇತಿಗಳಲ್ಲಿ ದಾಟಿಹೋಗುವುದಿಲ್ಲ. ಹಿಂದೆ ಬಿದ್ದ ಮಕ್ಕಳಿಗೂ ದಾರಿಯಿದೆ. ವಯಸ್ಸು, ತರಗತಿ ನೋಡದೆ ಮಗುವಿನ ಸದ್ಯದ ಕಲಿಕಾ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವ ‘ಪ್ರಥಮ್’ ಸಂಸ್ಥೆಯ ವಿಧಾನ ಪರೀಕ್ಷೆಗಳಲ್ಲಿ ಗೆದ್ದಿದೆ. ಇಂಥ ಪರೀಕ್ಷೆಗಳನ್ನು ನಡೆಸಿದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರು ಮೈಕೆಲ್ ಕ್ರೆಮರ್ ಜೊತೆ 2019ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಕರ್ನಾಟಕದ ‘ಓದು ಕರ್ನಾಟಕ’ ಕಾರ್ಯಕ್ರಮಕ್ಕೂ ಇದೇ ವಿಧಾನ ಆಧಾರ.

ಹಸಿದ ಮಗುವಿಗೆ ಯಾವ ಪದ್ಧತಿಯೂ ಕಲಿಸಲಾರದು. ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿದ ಮೇಲೆ, 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು, ಈಚಿನ ವರ್ಷಗಳಲ್ಲಿ ಮೊಟ್ಟೆ ಸೇರಿಕೊಂಡವು. ಶಾಲೆ ದೂರವಿದ್ದರೆ ಹೆಣ್ಣುಮಕ್ಕಳ ಓದು ಮೊದಲು ನಿಲ್ಲುತ್ತದೆ. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟದ್ದರಿಂದ ಪ್ರೌಢಶಾಲೆಯಲ್ಲಿ ಅವರ ದಾಖಲಾತಿ ಶೇ 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ಕಂಡುಕೊಂಡಿತು. ಹುಡುಗಿಯ ಓದಿನ ಫಲ ಅವಳ ಮಕ್ಕಳಿಗೂ ತಲುಪುತ್ತದೆ. 1970ರಿಂದ 2009ರವರೆಗೆ ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಇಳಿದದ್ದರಲ್ಲಿ ಸುಮಾರು ಅರ್ಧದಷ್ಟು ಹೆಂಗಸರ ಶಿಕ್ಷಣ ಹೆಚ್ಚಿದ್ದರ ಪರಿಣಾಮ ಎಂದು 2010ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನ ಅಂದಾಜಿಸಿತು. ಔಷಧಿ ಚೀಟಿ ಓದಬಲ್ಲ, ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಬಲ್ಲ ತಾಯಿಗೆ ಮಗುವನ್ನು ಉಳಿಸಿಕೊಳ್ಳುವ ಶಕ್ತಿ ಹೆಚ್ಚು.

ಕಾನೂನು ಈ ಹಾದಿಯಲ್ಲಿ ಬಹುದೂರ ಬಂದಿದೆ. ಮೈಸೂರು ಸಂಸ್ಥಾನ 1913ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾಯ್ದೆ ಮಾಡಿತ್ತು. ಶಿಕ್ಷಣ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ 1992ರ ಮೋಹಿನಿ ಜೈನ್ ಪ್ರಕರಣ ಹುಟ್ಟಿದ್ದು ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕದ ತಕರಾರಿನಿಂದ. 2002ರ 86ನೇ ತಿದ್ದುಪಡಿ ಆ ಹಕ್ಕನ್ನು ಸಂವಿಧಾನದೊಳಗೆ ಬರೆಯಿತು, ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಖಾಸಗಿ ಶಾಲೆಗಳಲ್ಲಿ ಶೇ 25 ಸೀಟು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಎಂಬ ಅದರ ನಿಯಮ ಹೆಚ್ಚು ಸುದ್ದಿಯಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಕೊಡಬೇಕಿಲ್ಲ ಎಂದು ಕರ್ನಾಟಕ ನಿಯಮ ಬದಲಿಸಿದ ಮೇಲೆ 2019ರಿಂದ ಇಂಥ ಸೀಟುಗಳು ತೀರಾ ಕಡಿಮೆಯಾದವು. ಹಾಗಿರುವಾಗ ಆ ಸರ್ಕಾರಿ ಶಾಲೆಯೇ ಚೆನ್ನಾಗಿರಬೇಕಾದ ಹೊಣೆ ಸರ್ಕಾರದ ಮೇಲೆ ಇನ್ನೂ ಹೆಚ್ಚಾಗಿ ಬೀಳುತ್ತದೆ.

ಕಾಯ್ದೆಯ ವ್ಯಾಪ್ತಿ ಆರರಿಂದ ಹದಿನಾಲ್ಕು ವರ್ಷ. ಮಾತು, ಕಥೆ, ಹಾಡುಗಳ ಮೂಲಕ ಓದಿಗೆ ತಳಪಾಯ ಬೀಳುವ ಅಂಗನವಾಡಿಯ ವರ್ಷಗಳು ಅದರ ಹೊರಗಿವೆ. ಮಕ್ಕಳು ದುಡಿಮೆಗೋ ಮದುವೆಗೋ ಶಾಲೆ ಬಿಡುವ ಒಂಬತ್ತು, ಹತ್ತನೇ ತರಗತಿಗಳೂ ಹೊರಗಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಹದಿನೆಂಟು ವರ್ಷದವರೆಗಿನ ಎಲ್ಲ ಮಕ್ಕಳನ್ನೂ ತನ್ನ ಗುರಿಯೊಳಗೆ ಸೇರಿಸಿಕೊಂಡಿದೆ. ಆದರೆ ಹಕ್ಕೆಂದು ಕೋರ್ಟಿನಲ್ಲಿ ಕೇಳಬಹುದಾದದ್ದು ಕಾಯ್ದೆಯಲ್ಲಿರುವುದನ್ನು ಮಾತ್ರ, ನೀತಿಯಲ್ಲಿರುವುದನ್ನಲ್ಲ.