ಅಂಗೈಯ ಮೇಲಿನ ಹರಟೆಕಟ್ಟೆ

ಮನುಷ್ಯನು ಶಾಲೆಯಲ್ಲಿ ಕಲಿಯುವುದು ಸ್ವಲ್ಪ. ಪುಸ್ತಕಗಳಿಂದ ಕಲಿಯುವುದು ಇನ್ನು ಸ್ವಲ್ಪ. ಸಂಸಾರ ನಡೆಸುವುದಕ್ಕೆ ಬೇಕಾದ ಉಳಿದುದನ್ನೆಲ್ಲ ಅವನು ನಾಲ್ಕು ಜನರೊಡನೆ ಆಡುವ ಮಾತಿನಿಂದಲೇ ಕಲಿಯುವನು. ಮೊಸರು ಹುಳಿಯಾಗದಂತೆ ಹೆಪ್ಪು ಹಾಕುವುದೆಷ್ಟು, ಬೇಳೆಗೆ ಹುಳು ಬೀಳದಂತೆ ಕಾಯುವುದೆಂತು, ಮಗುವಿಗೆ ಭೇದಿಯಾದರೆ ಮೊದಲು ಮಾಡತಕ್ಕದ್ದೇನು, ಇವುಗಳನ್ನು ಯಾವ ಉಪಾಧ್ಯಾಯರೂ ಪಾಠ ಹೇಳಿದ್ದಿಲ್ಲ. ಬಾವಿಯ ಕಟ್ಟೆ, ಅರಳಿಯ ಕಟ್ಟೆ, ಮನೆಯ ಜಗಲಿ, ರೈಲುಗಾಡಿಯ ಹಲಗೆ ಇವೇ ಈ ವಿದ್ಯೆಯ ಪಾಠಶಾಲೆಗಳಾಗಿದ್ದುವು. ಈಗ ಊರಿನ ಬಾವಿಗಳು ಮುಚ್ಚಿಹೋಗಿವೆ. ಜಗಲಿಯಿದ್ದ ಕಡೆ ಮೋಟಾರು ನಿಂತಿರುತ್ತದೆ. ಆದರೆ ಹರಟೆಯು ಮಾತ್ರ ನಿಂತಿಲ್ಲ. ಅದು ಅಂಗೈಯಗಲದ ಮೊಬೈಲಿನೊಳಕ್ಕೆ ಗುಳೆ ಹೋಗಿ, ಅಲ್ಲಿಯೇ ಮನೆ ಮಾಡಿಕೊಂಡಿದೆ.

ಯಶವಂತಪುರದಂಥ ಊರಿನಲ್ಲಿ ಈ ಹರಟೆಯನ್ನು ಗಮನಿಸುವುದು ಬಹಳ ಸ್ವಾರಸ್ಯವಾದ ಕೆಲಸ. ಒಂದು ಕಡೆ ರೈಲ್ವೆ ಜಂಕ್ಷನ್ನು, ಮತ್ತೊಂದು ಕಡೆ ಧಾನ್ಯ, ಈರುಳ್ಳಿ, ಬೆಲ್ಲಗಳ ಸಗಟು ವ್ಯಾಪಾರದ ಮಾರುಕಟ್ಟೆಯ ಅಂಗಳ, ಇತ್ತ ಶ್ರೀಗಂಧದ ಸಾಬೂನಿನ ಕಾರ್ಖಾನೆ, ಸಮೀಪದಲ್ಲಿಯೇ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ, ಆಚೆಗೆ ಪೀಣ್ಯದ ಯಂತ್ರಶಾಲೆಗಳು. ಆದುದರಿಂದ ಒಂದೇ ಬೀದಿಯಲ್ಲಿ ಮಂಡಿಯ ವರ್ತಕರೂ, ರೈಲ್ವೆ ನೌಕರರೂ, ಲೇತು ತಿರುಗಿಸುವ ಕುಶಲಕರ್ಮಿಗಳೂ, ವಿಜ್ಞಾನದ ವಿದ್ಯಾರ್ಥಿಗಳೂ ವಾಸವಾಗಿರುವರು. ಇವರೆಲ್ಲರೂ ಬೀದಿಯಲ್ಲಿ ಒಬ್ಬರಿಗೊಬ್ಬರು ತಲೆಯಾಡಿಸಿ ಮುಂದೆ ಹೋಗುವವರೇ. ಆದರೆ ವಠಾರದ ಹೆಸರಿನಲ್ಲಿಯೋ ರಸ್ತೆಯ ಹೆಸರಿನಲ್ಲಿಯೋ ಒಂದು ವಾಟ್ಸಪ್ ಗುಂಪು ಏರ್ಪಟ್ಟಿತೆಂದರೆ, ಮುಖಾಮುಖಿ ಹತ್ತು ಮಾತೂ ಆಡದವರು ಅಲ್ಲಿ ನೂರು ಮಾತು ಆಡುವರು. ಬೆಳಗಿನ ಹೊತ್ತು ಹೂವಿನ ಚಿತ್ರಗಳ ಹಾವಳಿಯುಂಟು, ಅದನ್ನು ಸಹಿಸಿಕೊಳ್ಳಬೇಕು. ಅದು ತೀರಿದ ಮೇಲೆ ನಿಜವಾದ ಪಾಠ ಮೊದಲಾಗುತ್ತದೆ.

"ಅಕ್ಕಂದಿರೇ, ಮೊನ್ನೆ ತಂದ ಆಲೂಗೆಡ್ಡೆ ಆಗಲೇ ಮೊಳಕೆಯೊಡೆಯಿತು, ಏನು ಮಾಡಲಿ?" ಎಂದು ಹೊಸದಾಗಿ ಸಂಸಾರ ಹೂಡಿದವಳೊಬ್ಬಳು ಕೇಳುವಳು. "ಈರುಳ್ಳಿ ಬುಟ್ಟಿಯ ಪಕ್ಕದಲ್ಲಿ ಇಟ್ಟಿದ್ದೀಯೇನಮ್ಮ? ಎರಡನ್ನೂ ಬೇರೆ ಮಾಡು" ಎಂದು ಹಿರಿಯಳೊಬ್ಬಳ ಉತ್ತರ ಬರುವುದು. ಇದು ಬಲ್ಲವರ ಮಾತು. ಈರುಳ್ಳಿಗೆ ಗಾಳಿಯಾಡುವ ಒಣ ಜಾಗ ಬೇಕು. ಆಲೂಗೆಡ್ಡೆಗೆ ತಂಪಾದ ಕತ್ತಲೆ ಬೇಕು. ಬೆಳಕಿನಲ್ಲಿಟ್ಟ ಗೆಡ್ಡೆಯ ಸಿಪ್ಪೆ ಹಸುರಾಗುವುದಷ್ಟೆ. ಆ ಹಸುರು ತಾನಾಗಿ ವಿಷವಲ್ಲ, ಆದರೆ ಅದರ ಜೊತೆಯಲ್ಲಿಯೇ ಸೊಲಾನಿನ್ ಎಂಬ ಕಹಿಯಾದ ವಿಷವೂ ಹೆಚ್ಚುವುದು. ಬೇಯಿಸಿದರೂ ಅದು ಪೂರ್ತಿಯಾಗಿ ಹೋಗದು. ಸ್ವಲ್ಪ ಹಸುರಾದುದನ್ನು ದಪ್ಪವಾಗಿ ಹೆರೆದು ಬಳಸಬಹುದು. ಬಹಳವಾದುದನ್ನು ಎಸೆಯುವುದೇ ಲೇಸು. ಬೆಲ್ಲದ ವಿಷಯವೂ ಹೀಗೆಯೇ. ಚಿನ್ನದ ಬಣ್ಣದ ಅಚ್ಚನ್ನು ಕಂಡು ಹಿಗ್ಗುವ ಗೃಹಸ್ಥನಿಗೆ, ಆ ಹೊಳಪು ಎಷ್ಟೋ ವೇಳೆ ಆಲೆಮನೆಯಲ್ಲಿ ಬೆರೆಸಿದ ಗಂಧಕಯುಕ್ತ ರಾಸಾಯನಿಕದ್ದೆಂದೂ, ಕಂದು ಬೆಲ್ಲವನ್ನು ಕೊಳೆಯೆಂದು ತಿಳಿಯುವುದು ತಪ್ಪೆಂದೂ, ಮಂಡಿಯಲ್ಲಿ ಕೆಲಸ ಮಾಡಿದ ನೆರೆಯವನೇ ಹೇಳಿಕೊಡಬೇಕು. ಅಂಗಡಿಯ ಚೀಟಿಯಲ್ಲಿ ಅದು ಬರೆದಿರುವುದಿಲ್ಲ.

ಪ್ರಯಾಣಿಕರಿಗೂ ಈ ಹರಟೆಯಿಂದ ಲಾಭವುಂಟು. ರೈಲ್ವೆಯವರ ವಿಚಾರಣೆಗೆ 139 ಎಂಬ ಒಂದೇ ಅಂಕೆ ಸಾಕೆಂಬುದು, ಯಶವಂತಪುರದ ನಿಲ್ದಾಣಕ್ಕೆ ತುಮಕೂರು ರಸ್ತೆಯ ಕಡೆಯಿಂದಲೂ ಬಾಗಿಲುಂಟೆಂಬುದು, 2022ರಲ್ಲಿ ಬೈಯಪ್ಪನಹಳ್ಳಿಯ ಹೊಸ ವಿಶ್ವೇಶ್ವರಯ್ಯ ಟರ್ಮಿನಲ್ಲು ತೆರೆದ ಮೇಲೆ ಕೆಲವು ದೂರದ ಗಾಡಿಗಳು ಅಲ್ಲಿಂದ ಹೊರಡುತ್ತವೆಂಬುದು, ಇವು ಸಣ್ಣ ಸಂಗತಿಗಳೇ ಸರಿ. ಆದರೆ ಮುದುಕಿಯಾದ ತಾಯಿಯನ್ನೂ ಮೂರು ಗಂಟುಗಳನ್ನೂ ಕಟ್ಟಿಕೊಂಡು ಬೇರೆ ನಿಲ್ದಾಣಕ್ಕೆ ಹೋಗಿ ನಿಂತವನಿಗೆ ಅವು ಸಣ್ಣವಾಗಿ ತೋರಲಾರವು.

ಇನ್ನು ಅಕ್ಕಿಯ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

2017ರ ಜೂನ್ ತಿಂಗಳಲ್ಲಿ ತೆಲಂಗಾಣ, ಆಂಧ್ರ, ಕರ್ನಾಟಕಗಳಲ್ಲೆಲ್ಲ ಪ್ಲಾಸ್ಟಿಕ್ಕಿನ ಅಕ್ಕಿ ಬಂದಿದೆಯೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅನ್ನವನ್ನು ಉಂಡೆ ಮಾಡಿ ನೆಲಕ್ಕೆ ಎಸೆದು, ಅದು ಚೆಂಡಿನಂತೆ ಪುಟಿಯುವುದನ್ನು ತೋರಿಸುವ ಚಲಚ್ಚಿತ್ರಗಳೂ ಬಂದುವು. ಅಕ್ಕಿಯಲ್ಲಿ ಪಿಷ್ಟವಿದೆ, ಬೆಂದ ಪಿಷ್ಟವನ್ನು ಒತ್ತಿ ಉಂಡೆ ಕಟ್ಟಿದರೆ ಅದು ಪುಟಿಯುವುದು ಸಹಜ. ಅಲ್ಲದೆ, ಪ್ಲಾಸ್ಟಿಕ್ಕು ಅಕ್ಕಿಗಿಂತ ಬೆಲೆಯುಳ್ಳ ವಸ್ತು. ನಷ್ಟಕ್ಕೆ ಮೋಸ ಮಾಡುವ ವರ್ತಕನು ಇನ್ನೂ ಹುಟ್ಟಿಲ್ಲ. ಆ ಗದ್ದಲ ಅಡಗಿತು. ಆದರೆ ಜನರ ಮನಸ್ಸಿನಲ್ಲಿ ಬಿದ್ದ ಅನುಮಾನದ ಬೀಜ ಹೋಗಲಿಲ್ಲ.

ಕೇಂದ್ರ ಸರ್ಕಾರವು ಪಡಿತರ ಮತ್ತು ಶಾಲೆಯ ಊಟದ ಅಕ್ಕಿಯನ್ನು ಪೌಷ್ಟಿಕಗೊಳಿಸಿ ಕೊಡುವುದಾಗಿ 2021ರ ಆಗಸ್ಟ್ 15ರಂದು ಘೋಷಿಸಿತು. ಅದರ ಕ್ರಮ ಹೀಗೆ: ಅಕ್ಕಿಯನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವಗಳನ್ನು ಸೇರಿಸಿ ನಾದಿ, ಶಾವಿಗೆಯ ಒರಳಿನಂಥ ಯಂತ್ರದಲ್ಲಿ ಒತ್ತಿ, ಅಕ್ಕಿಯ ಕಾಳಿನ ಆಕಾರಕ್ಕೆ ಕತ್ತರಿಸಿ ಒಣಗಿಸುವರು. ನೂರು ಕಾಳು ಅಕ್ಕಿಗೆ ಇಂಥ ಒಂದು ಕಾಳನ್ನು ಬೆರೆಸುವರು. ಈ ಕಾಳಿನ ಬಣ್ಣ ತುಸು ಬೇರೆ. ತೊಳೆಯುವಾಗ ಕೆಲವು ತೇಲುವುದೂ ಉಂಟು. ಇಷ್ಟು ಸಾಕಾಯಿತು! ಪ್ಲಾಸ್ಟಿಕ್ ಅಕ್ಕಿ ಕೊನೆಗೂ ಬಂದಿತೆಂದು ಎಷ್ಟೋ ಊರುಗಳಲ್ಲಿ ಗೃಹಿಣಿಯರು ಆ ಕಾಳುಗಳನ್ನೇ ಹೆಕ್ಕಿ ಹೊರಕ್ಕೆ ಎಸೆದರು. ಅಂದರೆ, ಹಿಟ್ಟಿನಲ್ಲಿ ಸೇರಿಸಿದ ಕಬ್ಬಿಣವೆಲ್ಲ ಬಚ್ಚಲಿನ ಪಾಲಾಯಿತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯುಂಟೆಂಬುದನ್ನು ನೆನೆದರೆ, ಒಂದು ಸುಳ್ಳು ಮಾತಿನ ಬೆಲೆಯೇನೆಂಬುದು ತಿಳಿಯುವುದು. ಪೌಷ್ಟಿಕ ಅಕ್ಕಿಯ ಯೋಜನೆಯ ಗುಣದೋಷಗಳನ್ನು ಕುರಿತು ವೈದ್ಯರಲ್ಲಿಯೇ ಭಿನ್ನಾಭಿಪ್ರಾಯವಿದೆ. ಥಲಸ್ಸೀಮಿಯದಂಥ ರಕ್ತದ ಕಾಯಿಲೆಯವರಿಗೆ ಹೆಚ್ಚು ಕಬ್ಬಿಣ ಹಿತವಲ್ಲವೆಂದೂ ಹೇಳುವರು. ಆ ಚರ್ಚೆ ನಡೆಯಲಿ. ಆದರೆ ಅದು ಪ್ಲಾಸ್ಟಿಕ್ಕಿನ ಚರ್ಚೆಯಲ್ಲ. ಅನುಮಾನವುಳ್ಳವರು ಒಂದೆರಡು ಕಾಳುಗಳನ್ನು ಚಿಮಟದಿಂದ ಹಿಡಿದು ಸುಟ್ಟು ನೋಡಬಹುದು: ಪ್ಲಾಸ್ಟಿಕ್ಕು ಕರಗಿ ತೊಟ್ಟಿಕ್ಕುವುದು, ಅಕ್ಕಿಯು ಕರಿಕಾಗುವುದು. ಸಮೀಪದಲ್ಲಿಯೇ ದೇಶದ ಶ್ರೇಷ್ಠ ವಿಜ್ಞಾನಶಾಲೆಯಿದ್ದರೂ, ಇಂಥ ಸಂದೇಹವನ್ನು ಬೀದಿಯ ಗುಂಪಿನಲ್ಲಿ ಬಿಡಿಸಲು ಒಬ್ಬರು ಒಲೆಯ ಮುಂದೆ ನಿಂತು ಸುಟ್ಟು ತೋರಿಸಿದರೆಂದರೆ ಸಾಕು, ಉಪನ್ಯಾಸ ಬೇಕಾಗುವುದಿಲ್ಲ.

ಔಷಧೋಪಚಾರದ ಸಲಹೆಗಳಲ್ಲಿ ಒಳ್ಳೆಯದೂ ಕೆಟ್ಟದೂ ಹೀಗೆಯೇ ಕಲೆತು ಬರುವುವು. ಎದೆ ನೋವು ಬಂದಾಗ ಒಂಟಿಯಾಗಿರುವವನು ಜೋರಾಗಿ ಕೆಮ್ಮುತ್ತಿದ್ದರೆ ಬದುಕಿಕೊಳ್ಳುವನೆಂಬ ಸಂದೇಶವು ಅನೇಕ ವರ್ಷಗಳಿಂದ ಲೋಕವನ್ನೆಲ್ಲ ಸುತ್ತುತ್ತಿದೆ. ಅಮೆರಿಕದ ಹೃದ್ರೋಗ ಸಂಘದವರು ಇದನ್ನು ಒಪ್ಪಿಲ್ಲ. ಕೆಮ್ಮುತ್ತ ಕುಳಿತು ಹೊತ್ತು ಕಳೆಯುವ ಬದಲು 108ಕ್ಕೆ ಕರೆ ಮಾಡಿ, ನೆರೆಮನೆಯವರನ್ನು ಕೂಗುವುದೇ ಸರಿಯಾದ ಮಾರ್ಗ. ಸುಟ್ಟ ಗಾಯಕ್ಕೆ ಕಾಫಿಪುಡಿ, ಹಲ್ಲುಜ್ಜುವ ಪೇಸ್ಟು, ಶಾಯಿ ಇವುಗಳನ್ನು ಮೆತ್ತುವುದೂ ಬೇಡ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದೇ ಮೊದಲ ಉಪಚಾರ.

ಒಳ್ಳೆಯ ಸಲಹೆಗೆ ಉಪ್ಪುಸಕ್ಕರೆಯ ನೀರಿನ ಉದಾಹರಣೆ ಸಾಕು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ತಲೆ ಸವರಿದ ಆರು ಟೀ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. 1971ರ ಯುದ್ಧದ ಕಾಲದಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಸೂಜಿಯಿಂದ ಕೊಡುವ ದ್ರವವು ಮುಗಿದುಹೋಗಲು, ಡಾಕ್ಟರು ದಿಲೀಪ್ ಮಹಲನಬೀಸರು ಉಪ್ಪು ಮತ್ತು ಗ್ಲೂಕೋಸುಗಳ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕೂ ಕಡಮೆಯಾಯಿತು. ಆ ಮೇಲೆ 1980ರಿಂದ 1990ರವರೆಗೆ ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸಂಸ್ಥೆಯ ಹೆಂಗಸರು ಒಂದು ಕೋಟಿಗೂ ಮೀರಿದ ಮನೆಗಳಿಗೆ ನಡೆದು ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲದ ಲೆಕ್ಕವನ್ನು ತಾಯಂದಿರಿಗೆ ಕಲಿಸಿದರು. ಇಲ್ಲೊಂದು ಚಮತ್ಕಾರವನ್ನು ಓದುಗರು ಗಮನಿಸಬೇಕು. ಕಲಿಸಿದವಳ ಸಂಬಳವು ಅವಳು ಎಷ್ಟು ಮನೆಗೆ ಹೋದಳೆಂಬುದರ ಮೇಲೆ ಇರಲಿಲ್ಲ. ಕಲಿತ ತಾಯಿಗೆ ಎಷ್ಟು ನೆನಪಿದೆಯೆಂದು ಆ ಮೇಲೆ ವಿಚಾರಿಸಿ, ಅದಕ್ಕೆ ತಕ್ಕಂತೆ ಕೊಡುತ್ತಿದ್ದರು. ನಮ್ಮ ಮೊಬೈಲಿನ ಸಂದೇಶ ಕಳುಹಿಸುವವರಿಗೂ ಇಂಥ ಏರ್ಪಾಡಿದ್ದರೆ, ನೂರರಲ್ಲಿ ತೊಂಬತ್ತು ಜನ ಬರಿಗೈಯಲ್ಲಿ ಮನೆಗೆ ಹೋಗಬೇಕಾದೀತು.

ಹರಟೆಯು ಅಕ್ಕಿ ಬೇಳೆಗಳಲ್ಲಿಯೇ ನಿಂತಿದ್ದರೆ ಚಿಂತೆಯಿರಲಿಲ್ಲ. 2012ರ ಆಗಸ್ಟ್ ತಿಂಗಳ ನಡುವೆ, ಅಸ್ಸಾಮಿನ ಗಲಭೆಯ ಸೇಡನ್ನು ಇಲ್ಲಿ ತೀರಿಸಿಕೊಳ್ಳುವರೆಂಬ ಗಾಳಿಮಾತು ಚುಟುಕು ಸಂದೇಶಗಳಾಗಿ ಹರಡಿ, ಬೆಂಗಳೂರಿನಲ್ಲಿ ಕೆಲಸಕ್ಕೂ ಓದಿಗೂ ಬಂದಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಎರಡು ಮೂರು ದಿನಗಳಲ್ಲಿ ಊರು ಬಿಟ್ಟರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಭಯಪಡಬೇಡಿರೆಂದು ಅಧಿಕಾರಿಗಳು ನಿಲ್ದಾಣಕ್ಕೇ ಹೋಗಿ ಹೇಳಿದರೂ ಜನರು ಕೇಳಲಿಲ್ಲ. ಅಧಿಕಾರಿಗಿಂತ ಅಂಗೈಯ ಸುದ್ದಿಯೇ ಅವರಿಗೆ ಹೆಚ್ಚು ಹತ್ತಿರದ್ದಾಗಿತ್ತು. ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ಒಮ್ಮೆಗೆ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸದಂತೆ ತಡೆಯಿತು. 2018ರಲ್ಲಿ ಇನ್ನೂ ಘೋರವಾದದ್ದು ನಡೆಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಪ್ ಸುದ್ದಿಯನ್ನು ನಂಬಿ, ಮೇ 23ರಂದು ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಜೀವನೋಪಾಯಕ್ಕೆ ಬಂದಿದ್ದ ಒಬ್ಬ ತರುಣನನ್ನು ಜನರು ಹೊಡೆದು ಕೊಂದರು. ಹೊಡೆದವರೆಲ್ಲರೂ ಹುಟ್ಟು ಕ್ರೂರಿಗಳೆಂದು ನಂಬುವುದು ಕಷ್ಟ. ಮಕ್ಕಳುಳ್ಳ ಗೃಹಸ್ಥರೇ ಅಂಥ ಸಂದೇಶವನ್ನು, ಒಳ್ಳೆಯದೆಂದೇ ಎಣಿಸಿ, ಹತ್ತು ಕಡೆಗೆ ಕಳುಹಿಸಿರುವರು. ಅದೇ ವರ್ಷದ ಜುಲೈಯಲ್ಲಿ ವಾಟ್ಸಪ್ಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗೆ ಮಾತ್ರ ರವಾನಿಸಬಹುದೆಂದು ಕಟ್ಟುಮಾಡಿದರು. ಬಹಳ ಸಲ ಕೈ ಬದಲಾದುದನ್ನು ಒಂದೇ ಕಡೆಗೆಂದು 2020ರ ಏಪ್ರಿಲಿನಲ್ಲಿ ಮತ್ತಷ್ಟು ಬಿಗಿ ಮಾಡಿದರು.

ಬಾವಿಕಟ್ಟೆಯ ಮಾತಿಗೂ ಇದಕ್ಕೂ ಇರುವ ಭೇದ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಬಾವಿಕಟ್ಟೆಯಲ್ಲಿ ಸುಳ್ಳಿರಲಿಲ್ಲವೆಂದಲ್ಲ; ಅಲ್ಲಿ ಸುಳ್ಳಿಗೆ ಒಬ್ಬ ಯಜಮಾನಿಯಿರುತ್ತಿದ್ದಳು. "ನೀನು ಕಣ್ಣಾರೆ ಕಂಡೆಯೇನೇ?" ಎಂದು ಅವಳ ಸೆರಗು ಹಿಡಿದು ಕೇಳಬಹುದಾಗಿತ್ತು. ಆಲೂಗೆಡ್ಡೆಯನ್ನು ಬೇರೆ ಇಡು ಎಂದ ಹಿರಿಯಳನ್ನೂ ಹಾಗೆ ಕೇಳಬಹುದು. ಅವಳು ತನ್ನ ಅಡಿಗೆಮನೆಯ ಅನುಭವವನ್ನು ಹೇಳುವಳು. ಆದರೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ರವಾನೆಯ ಸಂದೇಶವನ್ನು ಮರುಪ್ರಶ್ನೆ ಹಾಕುವುದಾದರೂ ಯಾರಿಗೆ? ಕಳುಹಿಸಿದವನನ್ನು ಕೇಳಿದರೆ, "ನನಗೆ ಬಂದಿತು, ಕಳುಹಿಸಿದೆ ಸ್ವಾಮಿ" ಎನ್ನುವನು.

ಮೋಸಗಾರರಿಗೂ ಈ ಕಟ್ಟೆಯ ದಾರಿ ತಿಳಿದುಹೋಗಿದೆ. ಅದಕ್ಕೆ ಮದ್ದೂ ಕಟ್ಟೆಯಲ್ಲಿಯೇ ದೊರೆಯುತ್ತಿದೆ. ನಮಗೆ ಹಣ ಬರಬೇಕಾದರೆ ಯುಪಿಐ ಗುಪ್ತಸಂಖ್ಯೆಯನ್ನು ಒತ್ತಬೇಕಾಗಿಲ್ಲವೆಂಬುದನ್ನು ತರಕಾರಿಯ ಗಾಡಿಯವನಿಗೂ ಗುಂಪಿನವರೇ ಕಲಿಸಿದ್ದಾರೆ. ಪೊಲೀಸಿನವರ ವೇಷ ತೊಟ್ಟು ವೀಡಿಯೊ ಕರೆಯಲ್ಲಿಯೇ "ಡಿಜಿಟಲ್ ಬಂಧನ" ಮಾಡುವೆವೆಂದು ಮುದುಕರನ್ನು ಹೆದರಿಸಿ ಹಣ ಕೀಳುವವರ ಸಂಗತಿಯನ್ನು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಆಕಾಶವಾಣಿಯ ಭಾಷಣದಲ್ಲಿ ಪ್ರಸ್ತಾಪಿಸಿ, ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದರು. ಮೋಸಹೋದೆವೆಂದು ತಿಳಿದ ಕೂಡಲೆ 1930ಕ್ಕೆ ತಿಳಿಸಬೇಕು. ನಾಚಿಕೊಂಡು ತಡಮಾಡಿದಷ್ಟೂ ಹಣ ದೂರವಾಗುವುದು. ಈ ನಾಚಿಕೆಯನ್ನು ಬಿಡಿಸುವುದರಲ್ಲಿ, ತನಗಾದ ಮೋಸವನ್ನು ಗುಂಪಿನಲ್ಲಿ ಬಾಯಿಬಿಟ್ಟು ಹೇಳುವ ಒಬ್ಬ ನಿವೃತ್ತ ಗುಮಾಸ್ತನು ಹತ್ತು ಪ್ರಕಟಣೆಗಳಿಗಿಂತ ಹೆಚ್ಚು ಕೆಲಸ ಮಾಡುವನು.

ಅಕ್ಷರ ಬಾರದ ಅಜ್ಜಿಯರಿಗೂ ಈಗ ಕಟ್ಟೆಯ ಮೇಲೆ ಜಾಗ ಸಿಕ್ಕಿದೆ. ಬರೆಯದಿದ್ದರೇನು, ಗುಂಡಿಯನ್ನು ಒತ್ತಿ ಮಾತನಾಡಿದರೆ ಧ್ವನಿಯೇ ಹೋಗುವುದು. ಹೊರದೇಶದಲ್ಲಿರುವ ಮೊಮ್ಮಗಳು ಬಿಸಿಬೇಳೆ ಅನ್ನಕ್ಕೆ ಅಕ್ಕಿ ಎಷ್ಟೆಂದು ಕೇಳುವಳು. "ಒಂದು ಪಾವು ಹಾಕಮ್ಮ" ಎಂದು ಅಜ್ಜಿ. ಸೇರುಪಾವುಗಳು ಅಂಗಡಿಯಿಂದ ಹೋಗಿ ಅರುವತ್ತು ವರ್ಷಗಳ ಮೇಲಾಯಿತು. ಅಜ್ಜಿಯ ಅಡಿಗೆಮನೆಯಿಂದ ಮಾತ್ರ ಹೋಗಿಲ್ಲ. ಪಾವೆಂದರೆ ಎಷ್ಟು ಗ್ರಾಮೆಂದು ಮೊಮ್ಮಗಳ ಮರುಪ್ರಶ್ನೆ. ಹಿತ್ತಾಳೆಯ ಪಾವನ್ನು ತೊಳೆದು, ಅಕ್ಕಿ ತುಂಬಿ, ಮಗನ ತಕ್ಕಡಿಯ ಮೇಲೆ ಸುರಿದು, ಅಂಕೆಯನ್ನು ಯಾರಿಂದಲೋ ಓದಿಸಿ ಅಜ್ಜಿ ಹೇಳುವಳು. ಅಷ್ಟರಲ್ಲಿ ಮೂರನೆಯ ಮನೆಯ ಹಿರಿಯಾಕೆಯ ಧ್ವನಿ ಬರುವುದು: "ಅದೆಲ್ಲ ಸರಿ, ನೀವು ಅಳೆದದ್ದು ತಲೆ ಸವರಿದ ಪಾವೋ, ಗೋಪುರ ಕಟ್ಟಿದ ಪಾವೋ?"