ಅರಳಿ ಕಟ್ಟೆಯ ಮಾತು: ಕನ್ನಡ ವಿಕಿಪೀಡಿಯದಲ್ಲಿ ನಾಯಕತ್ವ ಮತ್ತು ಸಂವಹನ

ಸಂಬಳ, ಬಡ್ತಿ, ವರ್ಗಾವಣೆ ಯಾವುದೂ ಇಲ್ಲದ ಕಡೆ ಒಬ್ಬರ ಮಾತನ್ನು ಮತ್ತೊಬ್ಬರು ಏಕೆ ಕೇಳಬೇಕು? ಆಟದ ಬಳಗವಾಗಲಿ ವಿಶ್ವಕೋಶವಾಗಲಿ, ಅಂತರಜಾಲದಲ್ಲಿ ಸ್ವಯಂಸೇವಕರೇ ನಡೆಸುವ ಎಲ್ಲ ಸಮುದಾಯಗಳಿಗೂ ಈ ಪ್ರಶ್ನೆ ಎದುರಾಗುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಮುಂದಿಟ್ಟುಕೊಂಡು ಇದನ್ನು ಭಾಷಿಕ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಕಿಪೀಡಿಯದ ಲೇಖನಗಳನ್ನು ಸಾಮಾನ್ಯವಾಗಿ ಯಾರು ಬೇಕಾದರೂ ತಿದ್ದಬಹುದು. ಪುಟವನ್ನು ಅಳಿಸುವ, ಸಂರಕ್ಷಿಸುವ, ಸದಸ್ಯರನ್ನು ತಡೆಹಿಡಿಯುವ ಹೆಚ್ಚುವರಿ ಸೌಲಭ್ಯಗಳು ಸಮುದಾಯವು ಒಪ್ಪಿದ ನಿರ್ವಾಹಕರಿಗಿರುತ್ತವೆ. ಆದರೆ ಲೇಖನದ ವಸ್ತುವಿನ ಬಗ್ಗೆ ಅವರ ಅಭಿಪ್ರಾಯಕ್ಕೆ ಉಳಿದವರದಕ್ಕಿಂತ ಹೆಚ್ಚಿನ ತೂಕವಿಲ್ಲ. ಭಿನ್ನಾಭಿಪ್ರಾಯಗಳು ಲೇಖನದ ಚರ್ಚಾಪುಟದಲ್ಲಿ, ಎಲ್ಲರಿಗೂ ಸಂಬಂಧಿಸಿದ ವಿಷಯಗಳು ‘ಅರಳಿ ಕಟ್ಟೆ’ ಎಂಬ ಪುಟದಲ್ಲಿ ಇತ್ಯರ್ಥವಾಗಬೇಕು. ಇಂಗ್ಲಿಷ್ ಆವೃತ್ತಿಯಲ್ಲಿ ಈ ಸ್ಥಳಕ್ಕೆ ಊರಿನ ನೀರಿನ ಪಂಪಿನ ಹೆಸರಿದೆ. ಕನ್ನಡದಲ್ಲಿ ಅದು ಪಂಚಾಯಿತಿಯೂ ಹರಟೆಯೂ ನಡೆಯುವ ಕಟ್ಟೆಯಾಗಿದೆ. ಆದರೆ ಊರಕಟ್ಟೆಯಲ್ಲಿ ಮಾತಿನ ಜೊತೆಗೆ ಮುಖಭಾವ, ದನಿ, ವಯಸ್ಸು ಎಲ್ಲವೂ ಗೋಚರವಾಗುತ್ತವೆ. ಇಲ್ಲಿ ಅಕ್ಷರವೊಂದೇ ಆಧಾರ.

ಉದಾಹರಣೆಗೆ, ಬಂಗಾರಪೇಟೆಯನ್ನು ಕುರಿತ ಲೇಖನವನ್ನು ಗಮನಿಸಬಹುದು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಈ ಊರು ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಆ ಭಾಗದ ಯುವಕನೊಬ್ಬ ಈ ಸಂಗತಿಯನ್ನು ಆಧಾರ ನೀಡದೆ ಸೇರಿಸಿದನೆನ್ನೋಣ. ಅನುಭವಿ ಸದಸ್ಯರೊಬ್ಬರು ಕಾರಣ ತಿಳಿಸದೆ ಅದನ್ನು ತೆಗೆದುಹಾಕಿದರೆ ನಿಯಮವೇನೋ ಪಾಲನೆಯಾಗುತ್ತದೆ. ಆದರೆ ಆತ ಮರಳಿ ಬರುವ ಸಂಭವ ಕಡಿಮೆ. ಆತನೊಂದಿಗೆ ಗಣಿ ಪ್ರದೇಶದ ಊರು, ಕಾಲೊನಿ, ಮಾತುಗಳ ಬಗೆಗಿನ ತಿಳಿವಳಿಕೆಯೂ ಹೊರಗುಳಿಯುತ್ತದೆ. ಬರೆಯುವವರ ಸಂಖ್ಯೆ ಸೀಮಿತವಾಗಿರುವ ಭಾಷೆಯೊಂದಕ್ಕೆ ಇದು ಸಣ್ಣ ನಷ್ಟವಲ್ಲ.

ಇಂತಹ ಸಂದರ್ಭದಲ್ಲಿ ವ್ಯಾಕರಣದ ಆಯ್ಕೆಯೂ ಮುಖ್ಯವಾಗುತ್ತದೆ. ‘ತೆಗೆಯಲಾಗಿದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮರೆಯಾಗುತ್ತಾನೆ. ಅದು ಕಚೇರಿಯ ಆದೇಶದಂತೆ ಕೇಳಿಸುತ್ತದೆ. ಪುಟದ ಇತಿಹಾಸದಲ್ಲಿ ತಿದ್ದಿದವರ ಗುರುತು ದಾಖಲಾಗುವುದರಿಂದ ಈ ಮರೆಯಿಂದ ಪ್ರಯೋಜನವೂ ಇಲ್ಲ. ‘ಆಧಾರ ಇರಲಿಲ್ಲವಾದ್ದರಿಂದ ತೆಗೆದಿದ್ದೇನೆ, ಗ್ಯಾಸೆಟಿಯರಿನಲ್ಲಿ ಉಲ್ಲೇಖ ದೊರೆತರೆ ದಯವಿಟ್ಟು ಮತ್ತೆ ಸೇರಿಸಿ’ ಎಂಬ ವಾಕ್ಯದಲ್ಲಿ ಉತ್ತಮ ಪುರುಷ ಕ್ರಿಯಾಪದವು ಹೊಣೆಯನ್ನು ಒಪ್ಪಿಕೊಳ್ಳುತ್ತದೆ, ‘ಸೇರಿಸಿ’ ಎಂಬ ಗೌರವರೂಪವು ಹೊಸಬರನ್ನು ಸಮಾನರೆಂದು ಕಾಣುತ್ತದೆ. ‘ಸೇರಿಸು’ ಎಂದಿದ್ದರೆ, ಪರಿಚಯವೇ ಇಲ್ಲದವರ ನಡುವೆ, ಅದೇ ಸೂಚನೆ ಅಪ್ಪಣೆಯಾಗುತ್ತಿತ್ತು.

ಸ್ವಯಂಸೇವಕರ ನಡುವಿನ ನಾಯಕತ್ವವು ಯಜಮಾನಿಕೆಯಲ್ಲ, ಕಾರಣ ಹೇಳುವ ಹೊಣೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗೌರವವಾಚಕಗಳನ್ನು ಕುಟುಂಬ, ಜಾತಿ, ಕಚೇರಿಗಳ ಹಿನ್ನೆಲೆಯಲ್ಲಿ ಅಭ್ಯಸಿಸುವ ಕನ್ನಡ ಸಂಶೋಧನೆಗೆ, ದಿನಾಂಕ ಸಹಿತ ಮುಕ್ತವಾಗಿ ಉಳಿದಿರುವ ಈ ಚರ್ಚಾಪುಟಗಳು ಸಮೃದ್ಧ ಆಕರಗಳಾಗಬಲ್ಲವು.